ಹುಳಿ ತಿಂದ ಬಾಣಂತಿಯರು

ಮೊನ್ನೆ ಆರ್.ಟಿ. ನಗರದ ಒಂದು ಹೋಟೆಲಿನಲ್ಲಿ ತಂಗಿಯ ಮಗಳ ಹುಟ್ಟುಹಬ್ಬದ ಊಟವಿತ್ತು. ಕೆಂಪು ಬಣ್ಣ ಮೆತ್ತಿಕೊಂಡ ಹೂಕೋಸು, ಗೋಂದಿನಂತೆ ಚಮಚಕ್ಕೆ ಅಂಟುವ ಸೂಪು, ಎಣ್ಣೆ ಜಿನುಗುವ ನೂಡಲ್ಸು ಒಂದರ ಹಿಂದೊಂದು ಬಂದವು. ನಾನು ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟೆ.

"ದೊಡ್ಡಮ್ಮ, ಇದು ಚೈನೀಸ್. ನಿಮಗೆ ರೂಢಿ ಇಲ್ಲ, ಸುಮ್ನೆ ತಿನ್ನಿ" ಎಂದಳು ಹುಡುಗಿ.

"ಇದು ಚೀನಾದವರ ಊಟ ಅಲ್ಲ ಕಣೇ" ಎಂದೆ.

ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ತಂಗಿಯ ಗಂಡ, "ಅತ್ತಿಗೆ, ಹೆಬ್ಬಾಳದ ಹಟ್ಟೀಲಿ ಸಗಣಿ ಬಾಚ್ತಿದ್ದೋರಿಗೆ ಚೈನಾ ಊಟ ಎಲ್ಲಿಂದ ಗೊತ್ತಾಯ್ತು?" ಎಂದರು.

ಹೆಬ್ಬಾಳದ ಹಟ್ಟಿಯಲ್ಲೇ ಗೊತ್ತಾಯಿತು. ಸಗಣಿ ಬಾಚಿದ್ದೂ ನಿಜ, ಇದೂ ನಿಜ. ಅಲ್ಲಿ ನಗುವವರ ಮುಂದೆ ಹೇಳಿ ಮುಗಿಯುವ ಮಾತಲ್ಲ ಅಂತ ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ. ಬೇಕಾದವರು ಓದಲಿ, ನಗುವವರು ನಗಲಿ.

ನಾನು ಕೊಡಿಗೇಹಳ್ಳಿಯಲ್ಲಿ ಹುಟ್ಟಿ ಹೆಬ್ಬಾಳಕ್ಕೆ ಸೊಸೆಯಾಗಿ ಬಂದವಳು. ಐವತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನಮ್ಮ ಮನೆಯಿಂದ ಕೆರೆ ಏರಿ ಕಾಣುತ್ತಿತ್ತು. ಹಿಂದೆ ಬಾವಿ, ಬಾವಿಯಾಚೆ ಸೊಪ್ಪಿನ ಮಡಿ, ಅದರಾಚೆ ರಾಗಿ ಹೊಲ. ಅಂಗಳದ ಎದುರಿಗೆ ರಾಗಿ ತುಂಬಿಡುವ ಎರಡು ಕೋಣೆಗಳಿದ್ದವು. ಒಂದು ವರ್ಷ ರಾಗಿಗೆ ಇಲಿ ಬಿದ್ದಿತೆಂದು ಮಾವನವರು ಆ ಕೋಣೆಗಳನ್ನು ಖಾಲಿ ಮಾಡಿ ಬಾಡಿಗೆಗೆ ಕೊಟ್ಟರು. ಬಂದವರು ಗಂಡ ಹೆಂಡತಿ, ಚೀನಾದವರು. ಇಬ್ಬರೂ ಹುಟ್ಟಿ ಬೆಳೆದದ್ದು ಕಲ್ಕತ್ತದಲ್ಲಿ. ಗಂಡ ಕಂಟೋನ್ಮೆಂಟಿನ ಒಂದು ಚೈನೀಸ್ ಹೋಟೆಲಿನಲ್ಲಿ ಅಡುಗೆಯವರು. ಅಷ್ಟು ದೂರದಿಂದ ದಿನಾ ಸೈಕಲ್ ತುಳಿಯುವುದಕ್ಕೆ ಅವರು ಒಪ್ಪಿದ್ದಕ್ಕೆ ಕಾರಣ ಹೆಂಡತಿಯ ಹಟ. ಅವಳಿಗೆ ಮನೆಯ ಹಿಂದೆ ಒಂದಿಷ್ಟು ಮಣ್ಣು ಬೇಕಿತ್ತು. ಕಂಟೋನ್ಮೆಂಟಿನಲ್ಲಿ ಮನೆ ಸಿಕ್ಕಿದರೂ ಮಣ್ಣು ಸಿಗಲಿಲ್ಲ.

ನಾನು ಅವಳನ್ನು ಚೀನಾದಕ್ಕ, ಅವಳ ಗಂಡನನ್ನು ಚೀನಾದಣ್ಣ ಎನ್ನುತ್ತಿದ್ದೆ. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ಕನ್ನಡವನ್ನು ನಮ್ಮತ್ತೆಯ ಬಾಯಿಂದಲೇ ಕಲಿತದ್ದರಿಂದ ಅವಳ ಮಾತು ಥೇಟು ಹೆಬ್ಬಾಳದ ಮುದುಕಿಯ ಮಾತು. ಸಂತೆಯಲ್ಲಿ ಹೊಸಬರು ಅವಳ ಮುಖ ನೋಡಿ, ಮಾತು ಕೇಳಿ, ಇನ್ನೊಮ್ಮೆ ಮುಖ ನೋಡುತ್ತಿದ್ದರು.

ಅತ್ತೆ ಮನೆ ಕೊಡುವಾಗ ಒಂದೇ ಷರತ್ತು ಹಾಕಿದ್ದರು. "ನೋಡಮ್ಮ, ಕೋಳಿ ತಿನ್ನು, ಮೀನು ತಿನ್ನು. ಅಂದಿ ಮಾತ್ರ ನಮ್ಮ ಅಂಗಳ ದಾಟೋ ಅಂಗಿಲ್ಲ."

"ದಾಟಲ್ಲ ಅವ್ವ" ಎಂದಿದ್ದಳು. ಇದ್ದಷ್ಟು ವರ್ಷ ದಾಟಿಸಲಿಲ್ಲ.

ಅವಳ ಅಡುಗೆಯನ್ನು ನಾನು ಮೊದಮೊದಲು ಕಿಟಕಿಯಿಂದ, ಆಮೇಲೆ ಅವಳ ಒಲೆಯ ಪಕ್ಕ ಕೂತೇ ನೋಡಿದೆ. ಬೆಳಿಗ್ಗೆ ಅನ್ನದ ಗಂಜಿ, ಅಕ್ಕಿ ಒಡೆದು ಹಾಲಿನಂತಾಗುವವರೆಗೆ. ಅದಕ್ಕೆ ನಂಚಿಕೊಳ್ಳಲು ಉಪ್ಪಿನಲ್ಲಿಟ್ಟು ಒಣಗಿಸಿದ ಮೂಲಂಗಿಯ ಚೂರು. ಮಧ್ಯಾಹ್ನ ಅನ್ನ, ಒಂದು ಸೊಪ್ಪು. ಸಾಸಿವೆ ಸೊಪ್ಪನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಶುಂಠಿ ಜಜ್ಜಿ ಹಾಕಿ, ಕಾದ ಎಣ್ಣೆ ಒಂದು ಚಮಚ ಸುರಿದರೆ ಆಯಿತು. ಮೊಟ್ಟೆ ಒಡೆದು ಅದಕ್ಕೆ ಬೆಚ್ಚನೆಯ ನೀರು ಬೆರೆಸಿ ಹಬೆಯಲ್ಲಿ ಬೇಯಿಸುತ್ತಿದ್ದಳು. ಅದು ಗಿಣ್ಣಿನ ಹಾಗೆ ನಡುಗುತ್ತಿತ್ತು. ಕೆರೆಯ ಮೀನು ಸಿಕ್ಕಿದ ದಿನ ತಲೆಬಾಲ ಸಮೇತ ಇಡಿಯಾಗಿ ಹಬೆಗಿಟ್ಟು, ಮೇಲೆ ಎಳೆ ಈರುಳ್ಳಿ ಸೊಪ್ಪು. ಮೆಣಸಿನಕಾಯಿ ಇಲ್ಲ, ಹುಣಸೆ ಇಲ್ಲ, ಮಸಾಲೆ ಅರೆಯುವ ಕಲ್ಲೇ ಅವಳ ಮನೆಯಲ್ಲಿರಲಿಲ್ಲ.

ಅತ್ತೆ ಒಂದು ದಿನ ರುಚಿ ನೋಡಿ ತೀರ್ಪು ಕೊಟ್ಟರು. "ವರ್ಷವೆಲ್ಲ ಬಾಣಂತಿ ಊಟ ಉಣ್ತಾರಲ್ಲೇ ಇವ್ರು!"

ಚೀನಾದಣ್ಣ ಹೋಟೆಲಿನಿಂದ ಒಮ್ಮೆ ಕ್ಯಾರಿಯರ್ ತುಂಬಿಸಿಕೊಂಡು ಬಂದು ಮಾವನವರಿಗೆ ಕೊಟ್ಟರು. ಕರಿದ ಕೋಳಿಯ ತುಂಡುಗಳು ಕೆಂಪಗೆ ಹೊಳೆಯುವ ಪಾಕದಲ್ಲಿ ಮುಳುಗಿದ್ದವು, ಜೊತೆಗೆ ಅನಾನಸ್ಸು. ಮಾವ ಬೆರಳು ಚೀಪಿ, "ಪಾನಕದಲ್ಲಿ ಕೋಳಿ ಅದ್ದವ್ನೆ ಕಣೇ. ಆದ್ರೂ ಪಸಂದಾಗೈತೆ" ಎಂದರು. ಅದೇ ಹೊತ್ತಿಗೆ ಎದುರು ಕೋಣೆಯಲ್ಲಿ ಚೀನಾದಕ್ಕ ಗಂಜಿ ಕುಡಿಯುತ್ತಿದ್ದಳು.

"ನೀವ್ಯಾಕೆ ಅದು ತಿನ್ನಲ್ಲ ಅಕ್ಕ?" ಎಂದು ಕೇಳಿದೆ.

"ಅದು ನಂದಲ್ಲ" ಎಂದಳು. "ನಮ್ಮವ್ವ ಅದ್ನ ನೋಡಿದ್ರೆ, ಚೆಲ್ಬೇಕಾದ್ದನ್ನ ಯಾರೋ ಮರೆತು ಬಡಿಸವ್ರೆ ಅಂತಿದ್ಲು."

ಚೀನಾದಣ್ಣ ಬೇಸರಪಟ್ಟುಕೊಳ್ಳಲಿಲ್ಲ. "ಅದು ಕೆಲಸ ತಂಗಿ. ಇದು ಊಟ" ಎಂದು ತಾವೂ ಗಂಜಿಯ ಬಟ್ಟಲು ತೆಗೆದುಕೊಂಡರು.

ಚೀನಾದಕ್ಕನಿಗೆ ಏಳು ತಿಂಗಳು ತುಂಬಿದಾಗ ಒಂದು ಜಾಡಿ ಹೊರಗೆ ಬಂತು. ಕಂದು ಬಣ್ಣದ ಮಣ್ಣಿನ ಜಾಡಿ, ನಮ್ಮ ಉಪ್ಪಿನಕಾಯಿ ಜಾಡಿಗಿಂತ ಗಿಡ್ಡ, ಹೊಟ್ಟೆ ದಪ್ಪ. ಅದು ಅವಳ ತಾಯಿಯದು. ಆ ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು. ಕಲ್ಕತ್ತದಿಂದ ಅವಳ ದೊಡ್ಡಮ್ಮ ಯಾರದೋ ಕೈಯಲ್ಲಿ ಎರಡು ಬಾಟಲಿ ಕಪ್ಪು ಸಿರ್ಕಾ ಕಳಿಸಿದ್ದಳು. ಸಿರ್ಕಾ ಅಂದರೆ ಈಗ ವಿನೆಗರ್ ಅನ್ನುತ್ತಾರಲ್ಲ, ಅದು; ಇದು ಅಕ್ಕಿ ಹುಳಿಸಿ ಮಾಡುವ, ಇಲ್ಲಿ ಎಲ್ಲೂ ಸಿಗದ ಸಿರ್ಕಾ.

ಚೀನಾದಕ್ಕ ಶುಂಠಿ ಸಿಪ್ಪೆ ಹೆರೆದು, ನೀರೆಲ್ಲ ಆರುವವರೆಗೆ ಬಾಣಲೆಯಲ್ಲಿ ಬರೀ ಹುರಿದು, ಹಳೇ ಬೆಲ್ಲದ ಜೊತೆ ಆ ಸಿರ್ಕಾದಲ್ಲಿ ಕುದಿಸಿ ಜಾಡಿಗೆ ತುಂಬಿದಳು. ಹೆರಿಗೆಯಾಗಿ ಹನ್ನೆರಡನೆಯ ದಿನ ಅದನ್ನು ತೆರೆದು, ಬೇಯಿಸಿದ ಮೊಟ್ಟೆ ಹಾಕಿ, ತಿಂಗಳವರೆಗೆ ತಿನ್ನಬೇಕು. ತಿಂಗಳ ದಿನ ಬಂದವರಿಗೆಲ್ಲ ಹಂಚಬೇಕು. ಅದು ಅವರಲ್ಲಿ ಬಾಣಂತಿಯ ಊಟ. ಹಂದಿಯ ಕಾಲನ್ನೂ ಹಾಕುವುದು ಪದ್ಧತಿ. ಅತ್ತೆಗೆ ಕೊಟ್ಟ ಮಾತಿಗೆ ಅದನ್ನು ಬಿಟ್ಟಿದ್ದಳು.

ಮುಚ್ಚಳದ ಮೇಲೆ ಬಟ್ಟೆ ಕಟ್ಟುತ್ತಾ, ಕೇಳದಿದ್ದರೂ ಒಂದು ಮಾತು ಹೇಳಿದಳು. ಕಲ್ಕತ್ತದಲ್ಲಿ ಅವಳಿಗೊಂದು ಮಗು ಹುಟ್ಟಿತ್ತು. ಆಗಲೂ ಇದೇ ಜಾಡಿ ತುಂಬಿಸಿಟ್ಟಿದ್ದರು. ಮಗು ಹನ್ನೊಂದು ದಿನ ಇತ್ತು.

"ಈ ಸಲ ತೆಗೀತೀನಿ" ಎಂದಳು. ಅಷ್ಟೇ.

ನನ್ನ ಮೊದಲ ಬಾಣಂತನ ಮುಗಿದು ಆಗ ವರ್ಷ ತುಂಬಿರಲಿಲ್ಲ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೂರು ಹೊತ್ತೂ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ. ಕುಡಿಯಲು ಅಳೆದು ಕೊಟ್ಟ ಬಿಸಿನೀರು. ಹುಳಿ ಎನ್ನುವ ಪದಾರ್ಥ ಬಾಣಂತಿಯ ಕೋಣೆಯ ಹೊಸಲು ದಾಟುವಂತಿಲ್ಲ. ಒಂದು ದಿನ ತಡೆಯಲಾರದೆ ಹುಣಸೆಹಣ್ಣಿನ ಒಂದು ಎಸಳನ್ನು ಕದ್ದು ಚೀಪಿದ್ದೆ. ಅವತ್ತೇ ಮಗುವಿಗೆ ಹಸಿರು ಭೇದಿಯಾಯಿತು. ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ತಿಂಗಳುಗಟ್ಟಲೆ ಬೆಂದಿದ್ದೆ. ಹಾಗಾಗಿ ಚೀನಾದಕ್ಕನ ಜಾಡಿ ಕಂಡು ನನಗೆ ಒಳಗೊಳಗೇ ಹೆದರಿಕೆ, ಒಳಗೊಳಗೇ ಆಸೆ.

ಹೆರಿಗೆ ಆಯಿತು, ಹೆಣ್ಣು ಮಗು. ಚೀನಾದಕ್ಕನಿಗೆ ತಾಯಿ ಇಲ್ಲವೆಂದು ಅತ್ತೆಯೇ ಬಾಣಂತನಕ್ಕೆ ನಿಂತರು. ಅದರಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ. ಚೀನಾದವರಲ್ಲಿ ಬಾಣಂತಿ ತಿಂಗಳು ತುಂಬುವವರೆಗೆ ತಲೆಗೆ ನೀರು ಹಾಕಿಕೊಳ್ಳಬಾರದು. ನಮ್ಮಲ್ಲಿ ಹಂಡೆ ಹಂಡೆ ಸುಡುನೀರು ಹುಯ್ಯಬೇಕು. ಅತ್ತೆ ಹುಯ್ದರು. ಚೀನಾದಕ್ಕ ಹಲ್ಲು ಕಚ್ಚಿ ಹುಯ್ಯಿಸಿಕೊಂಡಳು. ಸಾಂಬ್ರಾಣಿ ಹೊಗೆಗೆ ಕೆಮ್ಮುತ್ತಾ ಕೂತಳು. ಮೆಣಸಿನ ಸಾರು ಕುಡಿದು ಮುಖ ಕೆಂಪಾಗಿಸಿಕೊಂಡು, "ಚೆನ್ನಾಗೈತೆ ಅವ್ವ" ಎಂದಳು. ಇದಕ್ಕೆಲ್ಲ ಬಗ್ಗಿದಳು. ಬಗ್ಗಿದ್ದು ಯಾಕೆಂದರೆ ಅವಳ ಕಣ್ಣೆಲ್ಲ ಹನ್ನೆರಡನೆಯ ದಿನದ ಮೇಲಿತ್ತು.

ಹತ್ತನೆಯ ದಿನ ಬೆಳಿಗ್ಗೆ ಒಲೆ ಮುಂದೆ ಅತ್ತೆ ನನ್ನನ್ನು ಕೇಳಿದರು. "ಏನಮ್ಮೀ ಅದು, ಅವಳ ಅಟ್ಟದ ಕೆಳಗೆ ಬಟ್ಟೆ ಕಟ್ಟಿ ಮಡಗವ್ಳಲ್ಲ ಜಾಡಿ?"

ನನಗೆ ಗೊತ್ತಿದ್ದನ್ನು ಹೇಳುವ ಚಪಲ. "ಶುಂಠಿ ಬೆಲ್ಲ ಅತ್ತೆ. ಅವರ ಬಾಣಂತಿ ಲೇಹ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಸಿರ್ಕಾದಲ್ಲಿ ಕುದಿಸಿದ್ದಾರೆ" ಎಂದೂ ಸೇರಿಸಿದೆ.

ಅತ್ತೆ ಊದುಗೊಳವೆ ಕೆಳಗಿಟ್ಟರು. "ಸಿರ್ಕ? ಉಳಿನಾ?"

ಆಮೇಲೆ ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಒಳ್ಳೆಯದಿತ್ತು.

ಹನ್ನೆರಡನೆಯ ದಿನ ಚೀನಾದಕ್ಕ ಮೊಟ್ಟೆ ಬೇಯಿಸಿ ಸುಲಿದಿಟ್ಟುಕೊಂಡು, ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, ಜಾಡಿ ಎಳೆದು ಬಟ್ಟೆ ಬಿಚ್ಚಿದಳು. ಬಟ್ಟೆಯ ಗಂಟು ಬೇರೆಯಾಗಿತ್ತು. ಮುಚ್ಚಳ ತೆಗೆದಳು. ಒಳಗೆ ಕಪ್ಪು ಸಿರ್ಕಾ ಇರಲಿಲ್ಲ. ತುಪ್ಪದಲ್ಲಿ ಹೊಳೆಯುವ ನಮ್ಮ ಲೇಹ ಕಂಠದವರೆಗೆ ತುಂಬಿತ್ತು. ಒಣಶುಂಠಿ, ಮೆಣಸು, ಬೆಲ್ಲ, ಗಸಗಸೆ.

ಅತ್ತೆ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಎರಡು ದಿನ ಕುಟ್ಟಿ, ಜರಡಿ ಹಿಡಿದು, ಮನೆಯ ತುಪ್ಪ ಬಗ್ಗಿಸಿ ಮಾಡಿದ ಲೇಹ ಅದು. "ನೀನು ಮಲಗಿದ್ದಾಗ ಆ ಉಳಿಯೆಲ್ಲ ತಿಪ್ಪೆಗೆ ಉಯ್ದೆ ಕಣವ್ವ. ಜಾಡಿ ಬೂದಿ ಆಕಿ ತಿಕ್ಕಿ ಬಿಸ್ಲಿಗೆ ಮಡಗಿದ್ದೆ, ಒಂದು ಚೂರು ವಾಸ್ನೆ ಇಲ್ಲ, ಮೂಸಿ ನೋಡು. ಉಳಿ ತಿಂದ್ರೆ ಮಗೀಗೆ ಬೇದಿ ಆಯ್ತದೆ. ನಿನಗ್ಯಾರವ್ರೆ ಏಳೋರು? ನಾನೇ ಏಳ್ಬೇಕು."

ಅತ್ತೆಯ ಮುಖದಲ್ಲಿ ಒಂದು ಎಳೆಯಷ್ಟೂ ಕೆಟ್ಟತನವಿರಲಿಲ್ಲ. ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ತಮ್ಮ ಮಗಳ ಬಾಣಂತನದಲ್ಲೂ ಅಷ್ಟು ಗಸಗಸೆ ಹಾಕಿರಲಿಲ್ಲ. ಆದರೆ ತಿಪ್ಪೆಗೆ ಹೋದದ್ದು ಏನು ಅಂತ ಅವರಿಗೆ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ.

ಚೀನಾದಕ್ಕ ಜಾಡಿಯೊಳಗೆ ಮೂಗಿಟ್ಟು ಮೂಸಿದಳು. ಮುಚ್ಚಳ ಮುಚ್ಚಿದಳು. ಸುಲಿದ ಮೊಟ್ಟೆಗಳ ಮೇಲೆ ತಟ್ಟೆ ಬೋರಲು ಹಾಕಿದಳು. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಅವತ್ತಿನಿಂದ ನಮ್ಮ ಮನೆಯ ಅನ್ನ ಮುಟ್ಟಲಿಲ್ಲ. ಮೆಣಸಿನ ಸಾರು ಹೋದ ಹಾಗೇ ವಾಪಸು ಬಂತು. ಬಿಸಿನೀರು, ಒಂದು ಹಿಡಿ ಅನ್ನ, ಅಷ್ಟೇ. ಗಂಡ ಗಾಬರಿಯಾಗಿ ಹೋಟೆಲಿನಿಂದ ಕ್ಯಾರಿಯರ್ ತಂದರು. ಕೋಳಿ, ನೂಡಲ್ಸು, ಗಟ್ಟಿ ಸೂಪು. ಅವಳು ಕಾಲಿನಿಂದ ಆಚೆ ತಳ್ಳಿದಳು. "ಇದು ಸಾಹೇಬ್ರಿಗೆ ಮಾಡಿದ್ದು. ನಾನು ಸಾಹೇಬ್ನಾ?" ಎಂದಳು. ಅದನ್ನು ಕನ್ನಡದಲ್ಲೇ ಹೇಳಿದಳು, ಅಂಗಳದಾಚೆಗೂ ಕೇಳಲಿ ಅಂತ.

ಎರಡನೆಯ ದಿನಕ್ಕೆ ಹಾಲು ಕಡಿಮೆಯಾಯಿತು. ಮಗು ಎದೆ ಬಿಟ್ಟು ಬಿಟ್ಟು ಅಳುತ್ತಿತ್ತು. ಅತ್ತೆ ಅಂಗಳದಲ್ಲಿ ಸುಳಿದಾಡುತ್ತಾ, "ಉಣ್ಣಕ್ಕೇನು ರೋಗ ಇವಳಿಗೆ? ಅಷ್ಟು ಲೇಹ ಮಾಡಿಟ್ಟಿವ್ನಿ" ಎಂದು ಗೊಣಗುವರು. ಗೊಣಗಿದ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವರು.

ನಾನು ಚೀನಾದಣ್ಣನನ್ನು ಕೇಳಿದೆ. "ನಿಮ್ಮ ಹೋಟೆಲಿನಲ್ಲಿ ಸಿರ್ಕಾ ಇರುತ್ತಲ್ಲ? ತಂದುಬಿಡಿ."

"ಅಲ್ಲಿರೋದು ಬಿಳೀದು ತಂಗಿ, ಅದು ಆಗಲ್ಲ. ಕಪ್ಪು ಸಿರ್ಕಾ ನಮ್ಮ ಮುದುಕ ಅಡುಗೆಯವರ ಹತ್ರ ಒಂದು ಬಾಟ್ಲಿ ಇದೆ, ಅವರ ಸ್ವಂತದ್ದು. ಆದ್ರೆ ಬೇಡ. ಅಮ್ಮ ಬೇಡ ಅಂದ್ರು. ಮನೆ ಕೊಟ್ಟೋರ ಮಾತು ಮೀರಬಾರದು." ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಹೋದರು. ಅವರನ್ನೂ ದೂರಲಾರೆ. ಊರಿಗೊಂದೇ ಮನೆಯಾಗಿ ಬದುಕುವವರ ಹೆದರಿಕೆ ಊರು ತುಂಬ ನೆಂಟರಿರುವವರಿಗೆ ಗೊತ್ತಾಗುವುದಿಲ್ಲ.

ಬಾಯಿಬಿಟ್ಟು ಕೆಡಿಸಿದವಳು ನಾನು. ಮಧ್ಯಾಹ್ನ ನನ್ನ ಮಗುವನ್ನು ಮಲಗಿಸಿ, ಒಂದು ಖಾಲಿ ಬಾಟಲಿ ಸೆರಗಿನೊಳಗಿಟ್ಟುಕೊಂಡು, ಯಾರಿಗೂ ಹೇಳದೆ ಕಂಟೋನ್ಮೆಂಟಿನ ಬಸ್ಸು ಹತ್ತಿದೆ. ಮದುವೆಯಾದ ಮೇಲೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಬಾಟಲಿಯನ್ನು ಒತ್ತಿ ಹಿಡಿದು ಕೂತೆ.

ಹೋಟೆಲಿನ ಮುಂಬಾಗಿಲಿನಲ್ಲಿ ಕಾಗದದ ದೀಪಗಳು, ಡ್ರ್ಯಾಗನ್ನಿನ ಚಿತ್ರ, ಪೇಟ ಕಟ್ಟಿದ ಕಾವಲಿನವನು. ಅವನು ನನ್ನ ಸೀರೆ ನೋಡಿ ಹಿಂಬಾಗಿಲು ತೋರಿಸಿದ. ಒಳ್ಳೆಯದೇ ಆಯಿತು. ಮುಂದಿನಿಂದ ಹೋಗಿದ್ದರೆ ನಾನೂ ಎಲ್ಲರ ಹಾಗೆ ಡ್ರ್ಯಾಗನ್ನನ್ನೇ ನೋಡಿ ಬರುತ್ತಿದ್ದೆ.

ಹಿಂದಿನ ಅಡುಗೆಮನೆಯಲ್ಲಿ ಮಧ್ಯಾಹ್ನದ ಗಿರಾಕಿಗಳು ಮುಗಿದಿದ್ದರು. ಒಲೆಯ ಪಕ್ಕ ಒಂದು ಬಕೆಟ್ಟಿನ ತುಂಬ ಕೆಂಪು ಪಾಕ. ಇನ್ನೊಂದರಲ್ಲಿ ಮುಸುಕಿನ ಜೋಳದ ಬಿಳಿ ಹಿಟ್ಟು ಕದಡಿದ ನೀರು. ಸೂಪು ಗಟ್ಟಿಯಾಗುವ ಗುಟ್ಟು ಅದೇ. ಅವೆರಡರಿಂದ ದೂರ, ನೀರಿನ ತೊಟ್ಟಿಯ ಬಳಿ, ಐದು ಜನ ಅಡುಗೆಯವರು ಸೋಡಾ ಬಾಟಲಿಯ ಮರದ ಪೆಟ್ಟಿಗೆ ಬೋರಲು ಹಾಕಿ ಕೂತು ಉಣ್ಣುತ್ತಿದ್ದರು. ಬಟ್ಟಲಲ್ಲಿ ಏನಿತ್ತು? ಬಿಳಿ ಅನ್ನ. ನಡುವೆ ಬೇಯಿಸಿದ ಸಾಸಿವೆ ಸೊಪ್ಪು, ಒಣಮೂಲಂಗಿ, ಹಬೆಯಲ್ಲಿ ನಡುಗುವ ಮೊಟ್ಟೆ. ಚೀನಾದಕ್ಕನ ಮನೆಯ ಮಧ್ಯಾಹ್ನವೇ ಎದ್ದು ಬಂದು ಅಲ್ಲಿ ಕೂತ ಹಾಗಿತ್ತು. ಕೆಂಪು ಪಾಕದ ಬಕೆಟ್ಟಿನ ಕಡೆ ಒಬ್ಬನ ಕೈಯೂ ಚಾಚಿರಲಿಲ್ಲ.

ಚೀನಾದಣ್ಣ ನನ್ನನ್ನು ಕಂಡು ಎದ್ದು ನಿಂತರು. "ತಂಗಿ! ಮಗೂಗೆ ಏನಾಯ್ತು?"

"ಏನೂ ಆಗಿಲ್ಲ. ಆಗಬಾರದು ಅಂತ ಬಂದೆ. ಆ ಮುದುಕರು ಯಾರು?"

ಹಲ್ಲಿಲ್ಲದ, ಬನಿಯನ್ನಿನ ಮುದುಕರೊಬ್ಬರು ತಲೆ ಎತ್ತಿದರು. ಅವರಿಗೆ ಕಂಟೋನ್ಮೆಂಟಿನ ತಮಿಳು ಬೆರೆತ ಕನ್ನಡ ಬರುತ್ತಿತ್ತು. ನಾನು ಬಾಟಲಿ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಿಪ್ಪೆಗೆ ಹುಯ್ದದ್ದನ್ನೂ, ಬಾಯಿಬಿಟ್ಟವಳು ನಾನೇ ಎನ್ನುವುದನ್ನೂ.

ಮುದುಕರು ಎಲ್ಲ ಕೇಳಿ ಚೀನಾದಣ್ಣನ ಕಡೆ ತಿರುಗಿ ಅವರ ಭಾಷೆಯಲ್ಲಿ ಉದ್ದಕ್ಕೆ ಬೈದರು. ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಆಮೇಲೆ ನನ್ನನ್ನು ಕೇಳಿದರು. "ಎಷ್ಟನೇ ದಿವಸ ಇವತ್ತು?"

"ಹದಿನಾಲ್ಕು."

"ಟೈಮ್ ಇದೆ." ಒಳಗಿನಿಂದ ತಮ್ಮ ಬಾಟಲಿ ತಂದು, ಆಲಿಕೆ ಇಟ್ಟು, ಒಂದು ಹನಿ ಚೆಲ್ಲದಂತೆ ಎಲ್ಲವನ್ನೂ ನನ್ನ ಬಾಟಲಿಗೆ ಬಗ್ಗಿಸಿದರು. "ನಿಮ್ಮ ಮನೆ ಅಮ್ಮಂಗೆ ಹೇಳಮ್ಮ. ಮುಂದೆ ಕೂತಿರೋ ಜನಕ್ಕೆ ಬೇಕಾದಂಗೆ ಮಾಡ್ತೀವಿ, ಅವರು ನಮ್ಮಮ್ಮನ ಕೈಲಿ ತಿಂದವರಲ್ಲ. ಮಗು ಹೆತ್ತವಳಿಗೆ ಹಂಗೆ ಮಾಡಕ್ಕಾಗಲ್ಲ. ಅವಳಿಗೆ ಅವಳದೇ ಆಗ್ಬೇಕು."

ನಾನು ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಅತ್ತೆ ನನ್ನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು.

"ಎಲ್ಲಿಗೆ ಓಗಿದ್ದೆ?"

"ಕಂಟೋನ್ಮೆಂಟಿಗೆ."

"ಯಾರ್ನ ಕೇಳಿ?"

"ಯಾರನ್ನೂ ಕೇಳಲಿಲ್ಲ. ಸಿರ್ಕಾ ತಂದಿದ್ದೀನಿ."

ಮದುವೆಯಾದ ಮೇಲೆ ಆ ಬಾಗಿಲಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ಅತ್ತೆಯ ಕಣ್ಣು ದೊಡ್ಡದಾಯಿತು. "ಮಗೀಗೆ ಏನಾರಾ ಆದ್ರೆ? ಯಾರ ತಲೆ ಮ್ಯಾಲೆ?"

"ನನ್ನ ತಲೆ ಮೇಲೆ. ಆಗಲೇ ಆಗ್ತಾ ಇರೋದನ್ನ ನೋಡಿ ಅತ್ತೆ. ಎರಡು ದಿನದಿಂದ ಆ ಮಗು ಅಳ್ತಾ ಇರೋದು ಹುಳಿ ತಿಂದಿದ್ದಕ್ಕಲ್ಲ. ಕಲ್ಕತ್ತದಲ್ಲಿ ಆ ಅಕ್ಕನಿಗೆ ಒಂದು ಮಗು ಹೋಗಿದೆ, ಈ ಜಾಡಿ ತೆಗೆಯೋಕೆ ಒಂದೇ ದಿನ ಇರೋವಾಗ. ನೀವು ತಿಪ್ಪೆಗೆ ಹುಯ್ದದ್ದು ಬರೀ ಹುಳಿ ಅಂದುಕೊಂಡ್ರಾ?"

ಅತ್ತೆ ಸೊಂಟದ ಮಗುವನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡರು. "ನಂಗ್ಯಾರು ಏಳಿದ್ರು ಅದ್ನ?" ಎಂದರು ಮೆಲ್ಲಗೆ. ದಾರಿ ಬಿಟ್ಟರು ಎನ್ನಲಾರೆ. ಸ್ವಲ್ಪ ವಾರೆಯಾದರು. ನಾನು ಆ ಸಂದಿಯಲ್ಲಿ ನುಗ್ಗಿ ಎದುರು ಕೋಣೆಗೆ ಹೋದೆ.

ಚೀನಾದಕ್ಕ ಬಾಟಲಿಯ ಬಿರಡೆ ತೆಗೆದು ಮೂಸಿ ಎದ್ದು ಕೂತಳು. ಜಾಡಿಯ ಲೇಹವನ್ನು ಚೆಲ್ಲಲಿಲ್ಲ. ಒಂದು ಡಬ್ಬಿಗೆ ಬಳಿದಿಟ್ಟು, ಅದರಲ್ಲಿ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಅವ್ವಂಗೆ ಏಳು, ಇದೂ ತಿಂತೀನಿ. ಇದು ಮಾತ್ರ ಅಂದ್ರೆ ತಿನ್ನಲ್ಲ" ಎಂದಳು. ನಾವಿಬ್ಬರೂ ಶುಂಠಿ ಹೆರೆದೆವು. ಬಾಣಲೆಯಲ್ಲಿ ಹುರಿದೆವು. ಸಿರ್ಕಾ ಕುದಿಯುತ್ತಿದ್ದಂತೆ ಆ ಘಾಟು ಅಂಗಳ ದಾಟಿ ನಮ್ಮ ಹಟ್ಟಿಗೆ ನುಗ್ಗಿತು. ಎಮ್ಮೆಯೂ ಸೀನಿತು.

ಬಾಗಿಲ ಬಳಿ ಅತ್ತೆಯ ದನಿ. "ಶುಂಠಿ ಇನ್ನೂ ಉರೀಬೇಕಿತ್ತು. ಅಸೀ ವಾಸ್ನೆ ಬತ್ತೈತೆ."

"ಬಂದು ಉರ್ದು ಕೊಡವ್ವ ಮತ್ತೆ" ಎಂದಳು ಚೀನಾದಕ್ಕ.

"ನಾನ್ಯಾಕೆ ಉರೀಲಿ? ನಾನು ಬ್ಯಾಡ ಅಂದೋಳು!" ಎಂದು ಹೊರಟುಹೋದರು.

ಮಾರನೆಯ ದಿನ ಚೀನಾದಕ್ಕ ಮೊಟ್ಟೆ ತಿಂದಳು. ಸಿರ್ಕಾ ಕುಡಿದು ಮೊಟ್ಟೆ ಕಂದಾಗಿತ್ತು. ನಾಲ್ಕು ದಿನಕ್ಕೆ ಹಾಲು ಮರಳಿತು. ಸಿರ್ಕಾದಿಂದಲೋ, ಹೊಟ್ಟೆತುಂಬ ಉಂಡದ್ದರಿಂದಲೋ, ಲೇಹದಿಂದಲೋ ಯಾರು ಹೇಳಬೇಕು? ಅತ್ತೆಯಂತೂ ದಿನಕ್ಕೆರಡು ಸಲ ಮಗುವಿನ ಬಟ್ಟೆ ಬಿಚ್ಚಿ ಬಣ್ಣ ಪರೀಕ್ಷೆ ಮಾಡುತ್ತಿದ್ದರು. ಹಳದಿಯೇ ಇತ್ತು. ಹಸಿರಾಗಲಿಲ್ಲವೆಂದು ಸಂತೋಷವೋ ಬೇಸರವೋ ಅವರ ಮುಖದಿಂದ ತಿಳಿಯುತ್ತಿರಲಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಮಾತ್ರ ಇಳಿಯಿತು. ಒಂದು ಎಸಳು ಹುಣಸೆಹಣ್ಣಿಗೆ ನಾನು ಅಷ್ಟು ದಿನ ನನ್ನನ್ನೇ ಬೈದುಕೊಂಡದ್ದು ಸಾಕಾಗಿತ್ತು.

ತಿಂಗಳ ದಿನ ಹೋಟೆಲಿನ ಮಾಲೀಕರು ಕಾರಿನಲ್ಲಿ ಬರುವುದೆಂದಾಯಿತು. ಚೀನಾದಣ್ಣ ಹೋಟೆಲಿನ ಊಟವನ್ನೇ ತರಿಸುವುದು ಮರ್ಯಾದೆ ಎಂದರು. ಚೀನಾದಕ್ಕ ಒಪ್ಪಲಿಲ್ಲ. "ತರ್ಸು. ಮಾವಯ್ಯ ತಿಂತಾರೆ. ನನ್ನ ಮಗಳ ತಿಂಗಳಿಗೆ ನಾನು ಕೊಡೋದು ಇದೇ." ಕೆಂಪು ಬಣ್ಣ ಹಾಕಿದ ಮೊಟ್ಟೆ, ಬಟ್ಟಲಲ್ಲಿ ಕಪ್ಪು ಶುಂಠಿ. ಮಾಲೀಕರೂ ಚೀನಾದವರೇ; ಕೋಟು ಹಾಕಿಕೊಂಡು ಬಂದವರು, ಆ ಬಟ್ಟಲನ್ನು ಮೂಗಿನ ಬಳಿ ಹಿಡಿದು ಮತ್ತೆ ಮತ್ತೆ ಮೂಸಿದರು. ಮೂರು ಬಟ್ಟಲು ತಿಂದರು. ತಮ್ಮದೇ ಹೋಟೆಲಿನ ಕ್ಯಾರಿಯರ್ ತೆರೆಯಲೂ ಇಲ್ಲ. ಅದನ್ನು ಮಾವನವರು ಮತ್ತು ಅಕ್ಕಪಕ್ಕದವರು ಮುಗಿಸಿದರು. ಅತ್ತೆ ಒಂದು ಕೆಂಪು ಮೊಟ್ಟೆ ತಿಂದರು, ಶುಂಠಿ ಮುಟ್ಟಲಿಲ್ಲ. ಪಕ್ಕದಲ್ಲಿ ತಮ್ಮ ಲೇಹದ ಡಬ್ಬಿ ಇಟ್ಟುಕೊಂಡು, ಬಂದವರ ಕೈಗೆಲ್ಲ ಒಂದೊಂದು ಉಂಡೆ ಒತ್ತಿದರು.

ಕೆಲವು ವರ್ಷ ಕಳೆದು ನನ್ನ ಎರಡನೆಯ ಹೆರಿಗೆಯಾದದ್ದು ಚೀನಾದ ಜೊತೆ ಯುದ್ಧವಾದ ಚಳಿಗಾಲದಲ್ಲಿ. ಯಾರೋ ಬಂದು ಚೀನಾದಣ್ಣನ ಕಾಗದಪತ್ರ ನೋಡಿ ಹೋದರು. ಸೈಕಲ್ಲಿನ ಮೇಲೆ ಅವರು ಇನ್ನಷ್ಟು ತಲೆ ತಗ್ಗಿಸಿದರು. ಬಾವಿಕಟ್ಟೆಯಲ್ಲಿ ಹೆಂಗಸರ ಮಾತು ಬೇರೆಯಾಯಿತು. ನನ್ನ ಏಳನೆಯ ತಿಂಗಳಿನಲ್ಲೇ ಚೀನಾದಕ್ಕ ಜಾಡಿ ತುಂಬಿಸಿಟ್ಟಿದ್ದಳು, ನಾನೇ ಕೇಳಿದ್ದೆ. ಹನ್ನೆರಡನೆಯ ದಿನ ಅವಳು ಅದನ್ನು ಎತ್ತಿಕೊಂಡು ಅಂಗಳ ದಾಟುವಾಗ, ನಮ್ಮ ಜಗಲಿಯ ಮೇಲೆ ಕೂತಿದ್ದ ಊರ ಹಿರಿಯರೊಬ್ಬರು ಗದರಿದರು. "ಏನಮ್ಮ ಇದು, ಶತ್ರುಗಳ ಮನೆ ಊಟ ಬಾಣಂತಿಗೆ? ಬೇಡ ಅನ್ನೋರು ಯಾರೂ ಇಲ್ವಾ ಈ ಮನೇಲಿ?"

ಅತ್ತೆ ಪೊರಕೆ ಹಿಡಿದೇ ಎದ್ದು ಬಂದರು. "ನಾನಿವ್ನಿ ಬ್ಯಾಡ ಅನ್ನೋಳು! ಮೊದ್ಲಿಂದ ಬ್ಯಾಡ ಅಂತ್ಲೇ ಬಂದಿವ್ನಿ. ಅವಳು ಚೀನಾದೋಳು ಅಂತಲ್ಲ ಕಣಯ್ಯ, ಉಳಿ ಅಂತ. ನೀನ್ಯಾಕೆ ಮಧ್ಯ ಬತ್ತೀಯ? ನೀನೇನು ಹೆತ್ತಿದ್ದೀಯಾ?" ಹಿರಿಯರು ಟವೆಲ್ ಕೊಡವಿ ಎದ್ದರು. ಅತ್ತೆ ಚೀನಾದಕ್ಕನ ಕಡೆ ತಿರುಗಿ, "ನೀನೂ ಅಷ್ಟೇ. ಏಳಿದ್ದು ಕೇಳಲ್ಲ. ಓಗು ಒಳಗೆ, ಆರೋಯ್ತದೆ" ಎಂದರು.

ನಾನು ಅತ್ತೆಯ ಕಣ್ಣೆದುರಿಗೇ ತಿಂದೆ, ಕದ್ದಲ್ಲ. ಮೊದಲು ಶುಂಠಿಯ ಉರಿ, ಆಮೇಲೆ ಬೆಲ್ಲ, ಕಡೆಗೆ ಹುಳಿ ಹಲ್ಲಿನ ಬುಡದವರೆಗೆ. ಬೆವರು ಹರಿಯಿತು. ಅತ್ತೆ ನೋಡುತ್ತಾ ನಿಂತಿದ್ದು, "ಮಗೀಗೆ ಏನೂ ಆಗ್ದಿದ್ರೆ ಅದು ನನ್ನ ಲೇಹದಿಂದ, ನೆನಪಿರ್ಲಿ" ಎಂದರು. ಆಗಲಿ ಅತ್ತೆ, ನಿಮ್ಮ ಲೇಹದಿಂದಲೇ ಅಂದೆ. ಬಟ್ಟಲು ಮಾತ್ರ ಕೆಳಗಿಡಲಿಲ್ಲ.

ಅರವತ್ತರ ದಶಕ ಮುಗಿಯುವ ಮೊದಲೇ ಅವರು ಕಲ್ಕತ್ತಕ್ಕೆ ಹೋದರು. ಹೋಗುವಾಗ ಜಾಡಿ ನನಗೆ ಕೊಟ್ಟಳು. "ಅಲ್ಲಿ ದೊಡ್ಡಮ್ಮನ ಜಾಡಿ ಐತೆ. ಇಲ್ಲಿ ನಿನಗಿಲ್ಲ" ಎಂದಳು. ನಮ್ಮ ಹೊಲದ ಮೇಲೆ ಈಗ ರಸ್ತೆ ಬಂದಿದೆ, ತಿಪ್ಪೆಯಿದ್ದ ಜಾಗದಲ್ಲಿ ಅಂಗಡಿಗಳಿವೆ. ಜಾಡಿ ನನ್ನ ಅಡುಗೆಮನೆಯಲ್ಲಿದೆ.

ಹೋದ ವರ್ಷ ಸೊಸೆಯ ಹೆರಿಗೆಗೆ ಎರಡು ತಿಂಗಳಿರುವಾಗ ಅದನ್ನು ಇಳಿಸಿ ತುಂಬಿಸಿದೆ. ಕಪ್ಪು ಸಿರ್ಕಾ ಸಿಗಲಿಲ್ಲ, ಸಿಕ್ಕ ಬಿಳಿ ಸಿರ್ಕಾಕ್ಕೇ ಹಳೇ ಕಪ್ಪು ಬೆಲ್ಲ ಜಾಸ್ತಿ ಹಾಕಿದೆ. ಅತ್ತೆ ಹೇಳಿದ ಹಾಗೆ ಶುಂಠಿಯನ್ನು ಇನ್ನಷ್ಟು ಹುರಿದೆ. ಹನ್ನೆರಡನೆಯ ದಿನ ಬಟ್ಟಲು ತಂದಿಟ್ಟರೆ ಸೊಸೆ ಮೂಗು ಮುಚ್ಚಿಕೊಂಡಳು. "ಅತ್ತೆ, ನನಗೆ ಈ ವಾಸನೆ ಆಗೋದೇ ಇಲ್ಲ. ಮೆಣಸಿನ ಸಾರೇ ಕೊಡಿ."

ಬೇಡ ಅಂದರೆ ಬೇಡ. ಮೆಣಸು ಕುಟ್ಟಿ ಸಾರು ಮಾಡಿ ಕೊಟ್ಟೆ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂತು, ಇಡೀ ಬಟ್ಟಲನ್ನು ನಾನೇ ತಿಂದೆ.